ಸೂರಿನೊಡನೆ ಹಿತ್ತಲೂ ಇರಲಿ

ವಸತಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ನಾಲ್ಕು ಗೋಡೆ, ಒಂದು ಸೂರು. ಆದರೆ ಭೂರಹಿತ ಕುಟುಂಬಕ್ಕೆ ಮನೆಯಷ್ಟೇ ಅಗತ್ಯವಾದುದು ಅದರ ಹಿಂದಿನ ಹಿತ್ತಲು.

ಒಂದು ಗುಂಟೆಯೆಂದರೆ 1,089 ಚದರ ಅಡಿ. 30×40 ಅಡಿಯ ನಿವೇಶನ ಇದಕ್ಕಿಂತ ತುಸುವೇ ದೊಡ್ಡದು. ಮನೆ ಕಟ್ಟಿದ ಮೇಲೆ ಉಳಿಯುವ ನೆಲ ಅತ್ಯಲ್ಪ. ಪಶ್ಚಿಮ ಬಂಗಾಳ ಸರ್ಕಾರವು 2011ರಲ್ಲಿ ಆರಂಭಿಸಿದ ‘ನಿಜ ಗೃಹ ನಿಜ ಭೂಮಿ’ ಯೋಜನೆಯು ಭೂರಹಿತರಿಗೆ ಐದು ಡೆಸಿಮಲ್, ಅಂದರೆ ಎರಡು ಗುಂಟೆಯವರೆಗೆ ಭೂಮಿ ನೀಡಲು ಮುಂದಾಯಿತು. ಅಷ್ಟರಲ್ಲಿ ಮನೆಯೊಂದಿಗೆ ಸೊಪ್ಪು ತರಕಾರಿಯ ಮಡಿ, ಬಚ್ಚಲ ನೀರುಣ್ಣುವ ಬಾಳೆ, ಕೋಳಿಗೂಡು ಇವೆಲ್ಲವೂ ಹಿಡಿಯುತ್ತವೆ.

ನೆಲದಷ್ಟೇ ಮುಖ್ಯವಾದುದು ಹಕ್ಕುಪತ್ರ. ಯಾವಾಗ ತೆರವುಗೊಳಿಸುವರೋ ಎಂಬ ಅಂಜಿಕೆಯಲ್ಲಿರುವ ತಾಯಿ ತಿಂಗಳಲ್ಲಿ ಕೊಯ್ಲಿಗೆ ಬರುವ ಸೊಪ್ಪನ್ನು ಬಿತ್ತಿಯಾಳು. ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದ ತೆಂಗನ್ನು ನೆಡಲಾರಳು. ಪತ್ರದಲ್ಲಿ ಆಕೆಯ ಹೆಸರೂ ಇದ್ದರೆ ಆ ಅಂಜಿಕೆ ದೂರವಾಗುತ್ತದೆ.

ಆದುದರಿಂದ ನಿವೇಶನದ ವಿಷಯ ಗ್ರಾಮಸಭೆಗೆ ಬಂದಾಗ ಭಕ್ತಬಾಂಧವರು ಎರಡು ಮಾತು ಕೇಳಬೇಕು: ಹಿತ್ತಲಿಗೆ ಜಾಗವೆಷ್ಟು? ನೀರಿನ ವ್ಯವಸ್ಥೆಯೇನು? ನಿವೇಶನ ಕಿರಿದಾಗುವುದು ಅನಿವಾರ್ಯವಾದರೆ, ಬಡಾವಣೆಯಲ್ಲಿ ಎಲ್ಲರೂ ಕೂಡಿ ಬೆಳೆಯುವ ಸಮುದಾಯ ತೋಟಕ್ಕಾದರೂ ನೆಲವನ್ನು ಮೊದಲೇ ಕಾಯ್ದಿರಿಸಬೇಕು. ಮನೆಗಳೆದ್ದ ಮೇಲೆ ಆ ನೆಲ ಮತ್ತೆ ಸಿಗುವುದಿಲ್ಲ.