ಮರೆವು ಬಂದಾಗ ನಮಾಜು: ಹಿರಿಯರ ಕರ್ತವ್ಯ, ಕಿರಿಯರ ಹೊಣೆ

ಗುಬ್ಬಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹೊತ್ತು ಮುಳುಗಿದೆ. ಎಂಬತ್ತು ದಾಟಿದ ಅಜ್ಜಿ ಮಗ್ರಿಬ್ ನಮಾಜು ಮುಗಿಸಿ ಜಾನಮಾಜು ಮಡಿಸಿಟ್ಟಿದ್ದಾರೆ. ಹತ್ತು ನಿಮಿಷ ಕಳೆದಿಲ್ಲ, ವುಜೂ ಮಾಡಲು ಮತ್ತೆ ನೀರು ಕೇಳುತ್ತಾರೆ. ಪಿ.ಯು.ಸಿ. ಓದುವ ಮೊಮ್ಮಗ, ‘ದಾದಿ, ಈಗ ತಾನೇ ಮಾಡಿದಿರಲ್ಲ?’ ಎನ್ನುತ್ತಾನೆ. ಅವರು ನಂಬುವುದಿಲ್ಲ. ಜೀವಮಾನದಲ್ಲಿ ತಪ್ಪಿಸದ ನಮಾಜು ಇಂದು ತಪ್ಪಿತೆಂದು ಅಳತೊಡಗುತ್ತಾರೆ. ಆ ಹುಡುಗ ಏನು ಮಾಡಬೇಕು?

ಇಂಥ ಮನೆಗಳು ಎಲ್ಲ ಊರುಗಳಲ್ಲೂ ಇವೆ. ಈ ಪ್ರಶ್ನೆಗೆ ಧರ್ಮಶಾಸ್ತ್ರ ಒಂದು ಉತ್ತರ ಕೊಡುತ್ತದೆ, ವೈದ್ಯಶಾಸ್ತ್ರ ಇನ್ನೊಂದು. ಎರಡನ್ನೂ ತಿಳಿಯೋಣ.

ಕರ್ತವ್ಯ ಯಾರಿಗೆ?

ಇಸ್ಲಾಮಿನಲ್ಲಿ ಫಜ್ರ್, ಜುಹರ್, ಅಸರ್, ಮಗ್ರಿಬ್, ಇಷಾ ಎಂದು ದಿನಕ್ಕೆ ಐದು ಹೊತ್ತಿನ ನಮಾಜು ಕಡ್ಡಾಯ. ಈ ಕಡ್ಡಾಯ ನಮಾಜುಗಳಲ್ಲಿ ಒಟ್ಟು 17 ರಕಾತುಗಳು. ಪ್ರತಿ ರಕಾತಿನಲ್ಲೂ ನಿಲ್ಲುವುದು, ಬಾಗುವುದು (ರುಕೂ), ಹಣೆ ನೆಲಕ್ಕೆ ಮುಟ್ಟಿಸುವುದು (ಸಜ್ದಾ) ಇರುತ್ತದೆ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಈ ಕರ್ತವ್ಯ ತಪ್ಪುವುದಿಲ್ಲ. ಆದರೆ ಯಾವ ಜೀವಕ್ಕೂ ಅದರ ಶಕ್ತಿ ಮೀರಿದ ಹೊರೆಯಿಲ್ಲ ಎಂಬುದು ಕುರಾನಿನ ಎರಡನೆಯ ಅಧ್ಯಾಯದ ಕೊನೆಯಲ್ಲಿ ಬರುವ ತತ್ವ. ಮುಂದಿನ ರಿಯಾಯಿತಿಗಳೆಲ್ಲ ಅದರ ನೆರಳಿನಲ್ಲೇ ಬೆಳೆದವು.

ಮೈ ಸೋತಾಗ

ಈಗ ಕುಣಿಗಲಿನ ಒಂದು ಮನೆ. ತಾತನಿಗೆ ಮಂಡಿ ನೋವು, ಕೂತರೆ ಏಳಲಾರರು. ನಿಂತು ಮಾಡಲಾಗದವರು ಕೂತು, ಕೂರಲಾಗದವರು ಮಲಗಿ ನಮಾಜು ಮಾಡಬಹುದೆಂದು ಪ್ರವಾದಿಯವರು ರೋಗಿಯೊಬ್ಬರಿಗೆ ತಿಳಿಸಿದ್ದು ಹದೀಸಿನಲ್ಲಿದೆ. ಬಾಗಲಾಗದವರು ತಲೆಯ ಸನ್ನೆಯಲ್ಲೇ ಮುಗಿಸಬಹುದು. ರುಕೂಗಿಂತ ಸಜ್ದಾಕ್ಕೆ ತಲೆ ತುಸು ಹೆಚ್ಚು ಬಾಗಿದರೆ ಸಾಕು. ನೀರು ಮುಟ್ಟಿದರೆ ಕಾಯಿಲೆ ಹೆಚ್ಚುವ ಭಯವಿದ್ದರೆ ಶುದ್ಧ ಮಣ್ಣಿನ ಮೇಲೆ ಕೈಯಿಟ್ಟು ಮುಖ, ಕೈ ಸವರಿಕೊಳ್ಳುವ ತಯಮ್ಮುಮ್ ಉಂಟು. ಮೂತ್ರ ತಡೆಯಲಾಗದವರು ಹನಫಿ ಪಂಥದ ಪ್ರಕಾರ ಪ್ರತಿ ಹೊತ್ತಿಗೆ ಒಮ್ಮೆ ವುಜೂ ಮಾಡಿದರೆ ಆ ಹೊತ್ತು ಮುಗಿಯುವವರೆಗೆ ನಡೆಯುತ್ತದೆ. ನಮ್ಮ ಜಿಲ್ಲೆಯಿಂದ ಕಾಬಾ ಇರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ಹಾಸಿಗೆ ತಿರುಗಿಸಲಾಗದಿದ್ದರೆ ರೋಗಿ ಇದ್ದ ದಿಕ್ಕಿಗೇ ಮಾಡಬಹುದು.

ಬುದ್ಧಿ ಮಸುಕಾದಾಗ

ಇಲ್ಲಿ ಇನ್ನೊಂದು ತತ್ವ ಬರುತ್ತದೆ. ಮಲಗಿರುವವರು ಏಳುವವರೆಗೆ, ಮಕ್ಕಳು ಪ್ರಾಯಕ್ಕೆ ಬರುವವರೆಗೆ, ಬುದ್ಧಿ ತಪ್ಪಿದವರು ಸರಿಹೋಗುವವರೆಗೆ ಅವರ ಲೆಕ್ಕ ಬರೆಯುವ ಲೇಖನಿಯನ್ನು ಎತ್ತಿಡಲಾಗಿದೆ ಎಂಬುದು ಪ್ರಸಿದ್ಧ ಹದೀಸಿನ ಸಾರಾಂಶ. ಕರ್ತವ್ಯಕ್ಕೆ ಬುದ್ಧಿಯೇ ಆಧಾರ. ಆದರೆ ಮರೆವು ದೀಪ ಆರಿದಂತೆ ಒಮ್ಮೆಲೇ ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ.

ಮೊದಲ ಮೆಟ್ಟಿಲಲ್ಲಿ ಹೊತ್ತು ಮರೆಯುತ್ತದೆ. ಆಗ ಕರ್ತವ್ಯ ಉಳಿದಿರುತ್ತದೆ. ನೆನಪಾದಾಗ ಮಾಡಿದರಾಯಿತು, ಮರೆತದ್ದಕ್ಕೆ ಪಾಪವಿಲ್ಲ. ಎರಡನೆಯದರಲ್ಲಿ ಎಷ್ಟು ರಕಾತು ಆಯಿತೆಂದೇ ತಿಳಿಯದು. 17ನೆಯ ಶತಮಾನದ ಹನಫಿ ಗ್ರಂಥ ‘ದುರ್ರುಲ್ ಮುಖ್ತಾರ್’ ಮಂಪರಿನಿಂದ ಲೆಕ್ಕ ತಪ್ಪುವ ರೋಗಿಯ ವಿಷಯವನ್ನು ಎತ್ತಿಕೊಂಡಿದೆ. ಅಂಥವರ ಮೇಲೆ ಒತ್ತಾಯವಿಲ್ಲ, ಪಕ್ಕದಲ್ಲಿ ಒಬ್ಬರು ಹೇಳಿಕೊಟ್ಟು ಮಾಡಿಸಿದರೂ ಸಲ್ಲಬೇಕು ಎಂಬುದು ಅದರ ಅಭಿಪ್ರಾಯ. ಮೂರನೆಯ ಮೆಟ್ಟಿಲಲ್ಲಿ ನಮಾಜೆಂದರೇನೆಂಬ ಅರಿವೇ ಅಳಿದಿರುತ್ತದೆ. ಆಗ ಕರ್ತವ್ಯವೇ ಇಲ್ಲ; ಮನೆಯವರು ಬಲವಂತ ಮಾಡಬೇಕಾಗಿಲ್ಲ, ಅಳುಕಬೇಕಾಗಿಯೂ ಇಲ್ಲ.

ತುಮಕೂರಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದವರ ವಿಷಯವೇನು? ಆರನೆಯ ನಮಾಜಿನ ಹೊತ್ತೂ ಕಳೆಯುವಷ್ಟು ಪ್ರಜ್ಞೆ ತಪ್ಪಿದ್ದರೆ, ತಪ್ಪಿದ ನಮಾಜುಗಳನ್ನು ಮತ್ತೆ ತೀರಿಸಬೇಕಾಗಿಲ್ಲ ಎಂಬುದು ಹನಫಿ ನಿಯಮ. ಅದಕ್ಕಿಂತ ಕಡಿಮೆಯಾದರೆ ತೀರಿಸಬೇಕು. ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿ ಪಂಥದಲ್ಲಿ ಒಂದು ನಮಾಜಿನ ಹೊತ್ತು ಪೂರ್ತಿ ಪ್ರಜ್ಞೆಯಿಲ್ಲದಿದ್ದರೂ ಅದನ್ನು ತೀರಿಸಬೇಕಾಗಿಲ್ಲ. ರಂಜಾನ್ ಉಪವಾಸ ಮಾಡಲಾರದ ವೃದ್ಧರು ಬದಲಿಗೆ ಬಡವರಿಗೆ ಊಟ ಕೊಡುವ ಫಿದ್ಯಾ ಇದೆ. ಆದರೆ ಬದುಕಿರುವವರ ನಮಾಜಿಗೆ ಅಂಥ ಬದಲಿ ಇಲ್ಲ. ಅವರ ಪರವಾಗಿ ಮಗನೋ ಮೊಮ್ಮಗನೋ ಮಾಡುವಂತೆಯೂ ಇಲ್ಲ.

ವಿಜ್ಞಾನ ಹೇಳುವುದೇನು?

‘ಅರವತ್ತಕ್ಕೆ ಅರಳುಮರಳು’ ಎನ್ನುತ್ತೇವೆ. ಈ ಗಾದೆ ಎಷ್ಟೋ ಹಿರಿಯರ ಚಿಕಿತ್ಸೆಗೆ ಅಡ್ಡ ಬಂದಿದೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಮರೆವಿನ ರೋಗವೊಂದನ್ನು ವಿವರಿಸಿದರು. ಆ ರೋಗಿ ಆಸ್ಪತ್ರೆ ಸೇರಿದಾಗ ಅವರಿಗೆ 51 ವರ್ಷ. ಅಂದರೆ ಇದು ಮುಪ್ಪಿನ ಸಹಜ ಗುಣವಲ್ಲ, ಮೆದುಳಿನ ಕಾಯಿಲೆ. ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ.

ಇನ್ನೊಂದು ಅಚ್ಚರಿಯಿದೆ. ಮೊಮ್ಮಗನ ಹೆಸರು ಮರೆತ ಅಜ್ಜಿ ಸೂರಾಗಳನ್ನು ತಡವರಿಸದೆ ಹೇಳಬಲ್ಲರು. ಏಕೆ? ಇಂದಿನ ಘಟನೆಗಳನ್ನು ನೆನಪಿಗೆ ಸೇರಿಸುವ ಹಿಪೊಕ್ಯಾಂಪಸ್ ಎಂಬ ಭಾಗ ಆಲ್ಝೈಮರ್ ಕಾಯಿಲೆಯಲ್ಲಿ ಮೊದಲೇ ಸವೆಯುತ್ತದೆ. ಎಳವೆಯಿಂದ ಸಾವಿರಾರು ಸಲ ಮಾಡಿ ರೂಢಿಯಾದ ಕ್ರಿಯೆಗಳು ಮೆದುಳಿನ ಬೇರೆ ಭಾಗಗಳನ್ನು ಆಶ್ರಯಿಸಿರುವುದರಿಂದ ಬಹುಕಾಲ ಉಳಿಯುತ್ತವೆ. ಆದ್ದರಿಂದಲೇ ದಾದಿಗೆ ನಮಾಜು ಮಾಡಲು ಬರುತ್ತದೆ, ಮಾಡಿದ್ದು ಮಾತ್ರ ನೆನಪಿರುವುದಿಲ್ಲ. ಅವರು ಸುಳ್ಳಾಡುತ್ತಿಲ್ಲ, ಹಟ ಮಾಡುತ್ತಲೂ ಇಲ್ಲ.

ಮನೆಯಲ್ಲಿ ಏನು ಮಾಡಬಹುದು?

ವಾದ ಬೇಡ. ‘ಬನ್ನಿ ದಾದಿ, ನಾನೂ ಜೊತೆಗೆ ಕೂರುತ್ತೇನೆ’ ಎಂದರೆ ಅಳು ನಿಲ್ಲುತ್ತದೆ. ವುಜೂ ಮಾಡುವ ಕಡೆ ನೆಲ ಒಣಗಿರಲಿ; ನಸುಕಿನಲ್ಲಿ ದೀಪವಿರಲಿ. ಸಜ್ದಾದಿಂದ ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಗಟ್ಟಿಯಾದ ಕುರ್ಚಿ ಹತ್ತಿರವಿರಲಿ. ಎರಡು ಮೂರು ದಿನದಲ್ಲೇ ಗೊಂದಲ ಹೆಚ್ಚಿದರೆ ಮೂತ್ರದ ಸೋಂಕು ಇರಬಹುದು. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ದೂರವೇನಲ್ಲ. ಬುದ್ಧಿ ಎಷ್ಟು ಉಳಿದಿದೆ ಎಂಬುದನ್ನು ವೈದ್ಯರು ಹೇಳಬೇಕು. ಅದಕ್ಕೆ ಯಾವ ನಿಯಮ ಎಂಬುದನ್ನು ನಿಮ್ಮ ಪಂಥದ ಆಲಿಮರು ಹೇಳಬೇಕು. ಪಕ್ಕದಲ್ಲಿ ಕೂರುವ ಕೆಲಸ ಮಾತ್ರ ನಿಮ್ಮದೇ.

ಚರ್ಚಿಸಿ

1. ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರು ಮರೆತದ್ದನ್ನು ಮತ್ತೆ ಮತ್ತೆ ಕೇಳಿದಾಗ ನೀವು ಏನು ಹೇಳುತ್ತೀರಿ? ಇನ್ನು ಮುಂದೆ ಏನು ಹೇಳುವಿರಿ?

2. ಬೇರೆ ಧರ್ಮಗಳಲ್ಲಿ ರೋಗಿಗಳಿಗೂ ವೃದ್ಧರಿಗೂ ಇರುವ ರಿಯಾಯಿತಿಗಳೇನು? ಮನೆಯ ಹಿರಿಯರನ್ನೇ ಕೇಳಿ ಬರೆದುಕೊಳ್ಳಿ.