ಹೊಲಿಗೆಯ ಒಳಮೈ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಗಳಲ್ಲಿ ಹಸುಗೂಸಿಗೆ ಕುಂಚಿಗೆಯನ್ನು ಹೊಲಿದು ತೊಡಿಸುವ ವಾಡಿಕೆಯುಂಟು. ತಲೆಯನ್ನು ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಈ ಉಡುಪು ಬಯಲುನಾಡಿನ ಗಾಳಿಯಿಂದ ಕೂಸಿನ ಕಿವಿಯನ್ನು ಕಾಯತಕ್ಕದ್ದು. ಅಂಥದೊಂದನ್ನು ಕೈಗೆ ಕೊಟ್ಟರೆ ಅನುಭವಸ್ಥರಾದ ಗೃಹಿಣಿಯರು ಹೊರಗಣ ಬಣ್ಣಕ್ಕೆ ಮರುಳಾಗರು. ಮೊದಲು ಅದನ್ನು ಮಗುಚಿ, ಒಳಮೈಯನ್ನು ಬೆರಳಿನಿಂದ ಸವರಿ ನೋಡುವರು. ಕೂಸಿನ ಎಳೆಯ ಚರ್ಮಕ್ಕೆ ತಾಗುವುದು ಆ ಒಳಮೈಯೇ ಅಲ್ಲವೆ? ಅದನ್ನು ನುಣುಪಾಗಿ ಮುಗಿಸುವ ಬಗೆಯನ್ನು ಈ ದಿನ ವಿಚಾರಮಾಡೋಣ.

ಮಗ್ಗದಿಂದ ಇಳಿದ ಬಟ್ಟೆಗೆ ಎರಡು ಬಗೆಯ ಅಂಚುಗಳುಂಟು. ಈ ಸೀಮೆಯ ಹೆಂಗಸರಿಗೆ ಪ್ರಿಯವಾದ ಇಳಕಲ್ ಸೀರೆಯನ್ನು ನೋಡಿರಿ. ಅದರ ಉದ್ದಕ್ಕೂ ಹೊಕ್ಕಿನ ಎಳೆ ದಡಿಯವರೆಗೆ ಹೋಗಿ ಅಲ್ಲಿಯೇ ತಿರುಗಿ ಮರಳುವುದರಿಂದ ಆ ಅಂಚು ಬಿಚ್ಚಲಾರದು. ಆದರೆ ಅದರೊಡನೆ ತೊಡುವ ಕುಪ್ಪಸಕ್ಕಾಗಿ ಗುಳೇದಗುಡ್ಡದ ಖಣವನ್ನು ಕತ್ತರಿಸಿದೊಡನೆ, ಕತ್ತರಿ ಬಿದ್ದೆಡೆಯಲ್ಲಿ ಹಾಸು ಹೊಕ್ಕುಗಳ ಬಂಧ ಕಡಿದುಹೋಗುತ್ತದೆ. ಒಂದೊಂದು ಒಗೆತಕ್ಕೂ ಒಂದೆರಡು ಎಳೆಗಳು ಉದುರಿ, ಕಡೆಗೊಂದು ದಿನ ಹೊಲಿಗೆಯೇ ಬಾಯಿ ಬಿಡುವುದು. ದಾರ ಗಟ್ಟಿಯಾಗಿದ್ದರೂ ಅದಕ್ಕೆ ಹಿಡಿತ ಕೊಡುವ ಬಟ್ಟೆಯೇ ಇಲ್ಲದಾಗುತ್ತದೆ. ಆದುದರಿಂದ ಕತ್ತರಿಸಿದ ಅಂಚನ್ನು ಬಟ್ಟೆಯೊಳಗೇ ಬಚ್ಚಿಡುವುದು ಕೇವಲ ಅಲಂಕಾರವಲ್ಲ. ಅದು ಉಡುಪಿನ ಆಯುಸ್ಸಿಗೆ ಸಂಬಂಧಿಸಿದ ವಿಷಯ.

ಈ ತತ್ತ್ವವು ನಮ್ಮ ಹಿರಿಯರಿಗೆ ಹೊಸದಲ್ಲ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ತಾಯಂದಿರು ಒಂದೊಂದು ತುಂಡಿನ ಅಂಚನ್ನೂ ಒಳಕ್ಕೆ ಮಡಿಚಿಯೇ ಸೂಜಿ ಹಾಯಿಸುತ್ತಾರೆ. ಸವೆದ ಬಟ್ಟೆಯಿಂದ ಆದ ಕೌದಿ ಮತ್ತೆ ವರ್ಷಾನುಗಟ್ಟಲೆ ಬಾಳುವುದಕ್ಕೆ ಈ ಮಡಿಕೆಯೂ, ಒತ್ತೊತ್ತಾದ ಹೊಲಿಗೆಯ ಸಾಲುಗಳೂ ಕಾರಣ.

ಇದೇ ತತ್ತ್ವವನ್ನು ಎರಡು ಸಾಲುಗಳಲ್ಲಿ ಸಾಧಿಸುವ ಕ್ರಮವೊಂದುಂಟು. ದರ್ಜಿಗಳು ಅದನ್ನು ಫ್ರೆಂಚ್ ಹೊಲಿಗೆ ಎನ್ನುವರು. ಮೊದಲು ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿ, ಕುಗ್ಗುವಷ್ಟು ಕುಗ್ಗಲಿ ಎಂದು ಬಿಡಬೇಕು. ಹೊಲಿಗೆಗಾಗಿ 1/2 ಅಂಗುಲ ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು. ಅನಂತರ ಎರಡು ತುಂಡುಗಳ ಒಳಮೈಗಳು ಒಂದಕ್ಕೊಂದು ತಾಗುವಂತೆ ಇರಿಸಿ, ಅಂಚಿನಿಂದ 1/4 ಅಂಗುಲ ಒಳಗೆ ಹೊಲಿಯಬೇಕು. ಸಾಮಾನ್ಯ ಹೊಲಿಗೆಗೆ ಇದು ತಿರುವುಮುರುವಾದುದರಿಂದ ಹೊಸದಾಗಿ ಕಲಿಯುವವರು ತಪ್ಪಿತೆಂದು ಬೆದರುವುದುಂಟು, ಬೆದರಬೇಕಾದುದಿಲ್ಲ. ಬಳಿಕ ಹೊಲಿಗೆಯ ಆಚೆಗಿನ ಅಂಚನ್ನು 1/8 ಅಂಗುಲ ಮಾತ್ರ ಉಳಿಯುವಂತೆ ಕತ್ತರಿಸಿ, ಬಟ್ಟೆಯನ್ನು ಮಗುಚಿ, ಹೊಲಿಗೆಯ ಗೆರೆ ಸರಿಯಾಗಿ ಮಡಿಕೆಯ ತುದಿಗೆ ಬರುವಂತೆ ಇಸ್ತ್ರಿ ಮಾಡಬೇಕು. ಈಗ ಹೊರಮೈಗಳು ಒಂದಕ್ಕೊಂದು ತಾಗಿರುತ್ತವೆ. ಮಡಿಕೆಯಿಂದ 1/4 ಅಂಗುಲದಲ್ಲಿ ಎರಡನೆಯ ಸಾಲನ್ನು ಹಾಕಿದರೆ, ಕತ್ತರಿಸಿದ ಅಂಚುಗಳೆರಡೂ ನಡುವೆ ಸೆರೆಯಾಗುತ್ತವೆ.

ಇಲ್ಲಿ ಅವಸರ ಸಲ್ಲದು. ಕತ್ತರಿಸುವ ಕೆಲಸವನ್ನು ಅಲಕ್ಷ್ಯಮಾಡಿ ನಾವೊಮ್ಮೆ ಮುಂದುವರಿದೆವು. ಹೊಲಿಗೆ ಮುಗಿದಾಗ ಹೊರಗಡೆ ಸಾಲಿನುದ್ದಕ್ಕೂ ಸಣ್ಣ ಎಳೆಗಳು ಮೀಸೆಯಂತೆ ಇಣುಕುತ್ತಿದ್ದವು. ಅವನ್ನು ಚಿವುಟಿದಷ್ಟೂ ಮತ್ತಷ್ಟು ಬಂದವು. ಎರಡನೆಯ ಸಾಲನ್ನು ಪೂರಾ ಬಿಚ್ಚದೆ ಗತಿಯಿರಲಿಲ್ಲ. ಐದು ನಿಮಿಷ ಉಳಿಸಹೋಗಿ ಒಂದು ಮಧ್ಯಾಹ್ನವನ್ನು ಕಳೆದುಕೊಂಡೆವು.

ಈ ಕ್ರಮವು ತೆಳುವಾದ ಬಟ್ಟೆಗೂ ನೇರವಾದ ಹೊಲಿಗೆಗೂ ಒಪ್ಪುತ್ತದೆ: ಕುಂಚಿಗೆಯ ಬೆನ್ನು, ದಿಂಬಿನ ಚೀಲ, ಲಂಗದ ಪಕ್ಕಗಳು ಇಂಥವು. ದಪ್ಪ ಬಟ್ಟೆಯಲ್ಲಿ ನಾಲ್ಕು ಪದರಗಳು ಸೇರಿ ಏಣಾಗುವುದರಿಂದ ಬೇರೊಂದು ಉಪಾಯ ಬೇಕು. ಸಾಮಾನ್ಯವಾಗಿ ಹೊಲಿದ ಮೇಲೆ ಒಂದು ಅಂಚನ್ನು ಕಿರಿದಾಗಿ ಕತ್ತರಿಸಿ, ಮತ್ತೊಂದನ್ನು ಅದರ ಮೇಲೆ ಮಡಿಚಿ ಮುಚ್ಚಿ, ಬಟ್ಟೆಗೆ ಚಪ್ಪಟೆಯಾಗಿ ಹೊಲಿದುಬಿಡುವುದೇ ಆ ಉಪಾಯ. ಅಂಗಿಯ ಪಕ್ಕಗಳಲ್ಲಿ ಕಾಣುವ ಜೋಡಿ ಸಾಲುಗಳನ್ನು ನೋಡಿದರೆ ಇದು ಅರ್ಥವಾಗುವುದು. ಕಂಕುಳಿನಂಥ ಬಿಗಿಯಾದ ತಿರುವುಗಳಲ್ಲಿ ಇವೆರಡೂ ಕಷ್ಟ. ಅಲ್ಲಿ ಅಡ್ಡನೇಯ್ಗೆಯಲ್ಲಿ ಓರೆಯಾಗಿ ಕತ್ತರಿಸಿದ ತೆಳು ಪಟ್ಟಿಯಿಂದ ಅಂಚನ್ನು ಸುತ್ತಿ ಮುಚ್ಚುವುದು ಮೇಲು.

ಯಂತ್ರವಿಲ್ಲದವರು ನಿರಾಶರಾಗಬೇಕಾಗಿಲ್ಲ. ಮೊದಲ ಸಾಲನ್ನು ಸಣ್ಣ ನೇರ ಹೊಲಿಗೆಯಿಂದ ಹಾಕಿ, ಭಾರ ಹೊರುವ ಎರಡನೆಯ ಸಾಲಿನಲ್ಲಿ ಮಾತ್ರ ಪ್ರತಿಸಲವೂ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು ಮುಂದಕ್ಕೆ ಸಾಗಿಸಿದರೆ ಸಾಕು.

ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಉಡುಪಿನೊಡನೆ ಕೈಕೆಲಸವು ಬೆಲೆಯಲ್ಲಿ ಸ್ಪರ್ಧಿಸಲಾರದು, ಬಾಳಿಕೆಯಲ್ಲಿ ಸ್ಪರ್ಧಿಸಬಲ್ಲುದು. ಅಕ್ಕನ ಕೂಸು ತೊಟ್ಟ ಕುಂಚಿಗೆಯನ್ನು ತಂಗಿಯ ಕೂಸೂ ತೊಡಬೇಕಾದರೆ, ಯಾರ ಕಣ್ಣಿಗೂ ಬೀಳದ ಆ ಕಾಲು ಅಂಗುಲದಲ್ಲಿ ನಮ್ಮ ಶ್ರದ್ಧೆ ಇರಬೇಕು.