ಕುರಿಮರಿಗೂ ಒಂದು ಬುತ್ತಿ: ಬರದ ನಾಡಿನ ರಸಮೇವು

ಐರೋಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಊರೆಂದರೆ ಬಹುಮಟ್ಟಿಗೆ ಮೇ ತಿಂಗಳ ರಜೆಯ ಊರು. ಕಲ್ಯಾಣದಲ್ಲಿ ರೈಲು ಹತ್ತಿ ಸೋಲಾಪುರ ದಾಟಿ ವಿಜಯಪುರದ ಕಡೆಗೋ ಕಲಬುರಗಿಯ ಕಡೆಗೋ ಸಾಗುವಾಗ ಕಿಟಕಿಯಾಚೆ ಕಾಣುವುದು ಬಿರುಕು ಬಿಟ್ಟ ಎರೆನೆಲ, ಅಲ್ಲೊಂದು ಇಲ್ಲೊಂದು ಜಾಲಿಗಿಡ, ಹಸಿರಿಲ್ಲದ ಬಯಲಿನಲ್ಲಿ ತಲೆ ತಗ್ಗಿಸಿ ನಡೆಯುವ ಕುರಿಹಿಂಡು. ಇವು ಏನು ತಿಂದು ಬದುಕುತ್ತವೆ ಎಂದು ಮಕ್ಕಳು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಕುರಿಗಳಿದ್ದವು. ತೆಲಂಗಾಣ, ಆಂಧ್ರಗಳ ನಂತರದ ಸ್ಥಾನ ನಮ್ಮದು. ಕರಿಯುಣ್ಣೆಯ ದಖ್ಖನಿ, ರಾಯಚೂರು-ಕೊಪ್ಪಳದ ಕೆಂಗುರಿ, ಬಳ್ಳಾರಿ ತಳಿ ಎಲ್ಲವೂ ಬಿಸಿಲಿಗೆ ಒಗ್ಗಿದವು. ದೊಡ್ಡ ಕುರಿ ಬಳ್ಳಾರಿ ಜಾಲಿಯ ಕಾಯಿ, ಒಣಗಿದ ಕೂಳೆ ಮೆಲ್ಲುತ್ತ ಹೇಗೋ ಬೇಸಗೆ ಕಳೆದೀತು. ಮರಿಯ ಪಾಡು ಹಾಗಲ್ಲ. ತಾಯಿಗೆ ಮೇವಿಲ್ಲದಿದ್ದರೆ ಮರಿಗೆ ಹಾಲಿಲ್ಲ. ಹಾಲು ಬಿಟ್ಟ ಮೇಲೂ ಹೊಟ್ಟೆಗೆ ಸಾಲದಿದ್ದರೆ ಮೈ ಕಟ್ಟುವುದಿಲ್ಲ. ಕೊನೆಗೆ ಮನೆಯವರು ಸಿಕ್ಕ ಬೆಲೆಗೆ ಸಂತೆಯಲ್ಲಿ ಮಾರಿಬಿಡುತ್ತಾರೆ. 2023ರಲ್ಲಿ ಕರ್ನಾಟಕದ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಎಲ್ಲರೂ ಒಮ್ಮೆಗೇ ಮಾರಲು ಬಂದರೆ ಬೆಲೆ ಎಲ್ಲಿಯದು?

ಇದಕ್ಕೆ ಒಂದು ಉಪಾಯ ರಸಮೇವು. ನಮ್ಮ ಮರಾಠಿ ಮಿತ್ರರು ಇದನ್ನೇ 'ಮುರಘಾಸ್' ಎನ್ನುತ್ತಾರೆ. ಹಸಿರು ಮೇವನ್ನು ಎರಡು ಮೂರು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ಗುಂಡಿಯಲ್ಲಿ ಪದರ ಪದರವಾಗಿ ತುಳಿದು ಗಾಳಿ ಹೊರಹಾಕಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲೆ ಮಣ್ಣು ಹೇರುವುದು. ದೋಸೆ ಹಿಟ್ಟನ್ನು ಹುಳಿ ಬರಿಸುವಂಥ ಸೂಕ್ಷ್ಮಜೀವಿಗಳೇ ಇಲ್ಲಿಯೂ ಕೆಲಸ ಮಾಡುತ್ತವೆ. ದಂಟಿನ ಸಕ್ಕರೆಯನ್ನು ಅವು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಆ ಹುಳಿಯೇ ಮೇವನ್ನು ಕೆಡದಂತೆ ಕಾಯುತ್ತದೆ. ಸುಮಾರು 45 ದಿನಗಳಲ್ಲಿ ಸಿದ್ಧ. ಗಾಳಿ ಸೋಕದಿದ್ದರೆ ಮುಂದಿನ ಬೇಸಗೆಗೂ ಇರುತ್ತದೆ.

ಒಣನೆಲಕ್ಕೆ ಹೊಂದುವ ಬೆಳೆಗಳೆಂದರೆ ಜೋಳ, ಸಜ್ಜೆ. ಕತ್ತರಿಸುವ ಹದ ಯಾವುದು? ಕಾಳಿನ ಹಾಲು ಗಟ್ಟಿಯಾಗಿ ಹಿಟ್ಟಾಗತೊಡಗುವ ಹೊತ್ತು. ಚಳಿಗಾಲದಲ್ಲಿ ಊರಿಗೆ ಹೋಗಿ ಸೀತನಿ ತಿಂದವರಿಗೆ ಈ ಹದ ಬೇರೆ ಹೇಳಬೇಕಿಲ್ಲ. ತೊಡಕಿರುವುದೂ ಇಲ್ಲಿಯೇ. ಆ ಹೊತ್ತಿಗೆ ಬೆಳೆ ಕೊಯ್ದರೆ ಮನೆಯ ರೊಟ್ಟಿಗೆ ಜೋಳವಿಲ್ಲ! ಹಿಂಗಾರಿನ ಬಿಳಿಜೋಳವನ್ನು ಯಾವ ರೈತನೂ ಮರಿಗಾಗಿ ಗುಂಡಿಗೆ ಹಾಕಲಾರ, ಹಾಕೆಂದು ಹೇಳುವುದೂ ತಪ್ಪು. ಮುಂಗಾರಿನಲ್ಲಿ ಹೊಲದ ಒಂದು ಪಟ್ಟಿಗೆ ಮಾತ್ರ ಮೇವಿನ ಜೋಳ ಬಿತ್ತುವುದು ಜಾಣತನ. ಎಳೆಯದಾಗಿ, ಮಳೆಯಿಲ್ಲದೆ ಬಾಡಿದ ಜೋಳವನ್ನು ಹಸಿಯಾಗಿ ಮೇಯಿಸಿದರೆ ಅದರಲ್ಲಿರುವ ಸೈನೈಡ್ ವಿಷಕ್ಕೆ ಕುರಿ ಸಾಯುವುದುಂಟು. ನಮ್ಮ ಕುರಿಗಾರರು ಇದನ್ನು ಚೆನ್ನಾಗಿ ಬಲ್ಲರು. ರಸಮೇವಾದಾಗ ಆ ವಿಷ ಬಹಳ ಇಳಿಯುತ್ತದೆ.

ಒಂದಿಷ್ಟು ಲೆಕ್ಕ ಹಾಕೋಣ. 20 ಕಿಲೋ ತೂಕದ ಮರಿಗೆ ದಿನಕ್ಕೆ ಒಂದೂವರೆ ಕಿಲೋ ರಸಮೇವು ಎಂದಿಟ್ಟುಕೊಳ್ಳಿ. 20 ಮರಿಗಳಿಗೆ 120 ದಿನಕ್ಕೆ 3,600 ಕಿಲೋ ಬೇಕು. ಚೆನ್ನಾಗಿ ತುಳಿದರೆ ಒಂದು ಘನ ಮೀಟರಿನಲ್ಲಿ 500-600 ಕಿಲೋ ಹಿಡಿಯುತ್ತದೆ. ಅಂದರೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರಿಗಿಂತ ತುಸು ಹೆಚ್ಚು ಆಳದ ಗುಂಡಿ ಸಾಕು. ಐರೋಲಿಯ ಫ್ಲಾಟಿನ ಅಡುಗೆಮನೆಯಷ್ಟೇ!

ಆದರೆ ರಸಮೇವು ಒಂದರಿಂದಲೇ ಮರಿ ಬೆಳೆಯದು. ಜೋಳದಲ್ಲಿ ಸಸಾರಜನಕ ಕಡಿಮೆ. ತೊಗರಿ ಹೊಟ್ಟು, ಶೇಂಗಾ ಹಿಂಡಿ, ಅಲಸಂದೆ ಬಳ್ಳಿ ಜೊತೆಗಿರಬೇಕು. ಮೊದಲ ವಾರಗಳಲ್ಲಿ ಮರಿಯ ಮೆಲುಕು ಹಾಕುವ ಹೊಟ್ಟೆ ಬೆಳೆದಿರುವುದಿಲ್ಲ. ಆದ್ದರಿಂದ ಹಾಲು ಬಿಡುವ ಹೊತ್ತಿಗೆ, ಸುಮಾರು ಮೂರನೆಯ ತಿಂಗಳಲ್ಲಿ, ಒಂದೊಂದು ಹಿಡಿಯಿಂದ ತೊಡಗಿ ಹತ್ತು ದಿನಗಳಲ್ಲಿ ಹೆಚ್ಚಿಸಬೇಕು. ತೆರೆದ ಗುಂಡಿಯಿಂದ ದಿನವೂ ತೆಗೆಯುತ್ತಿರಬೇಕು. ಬೂಷ್ಟು ಹಿಡಿದದ್ದನ್ನು, ಮಣ್ಣು ಬೆರೆತದ್ದನ್ನು ಹಾಕಲೇಬಾರದು. ಅದರಿಂದ ಬರುವ ಲಿಸ್ಟೀರಿಯಾ ಎಂಬ ರೋಗಾಣು ಮಿದುಳಿಗೇರಿ ಕುರಿ ಗಿರಗಿರನೆ ಸುತ್ತಿ ಸಾಯುತ್ತದೆ.

ಈಶಾನ್ಯ ಬ್ರೆಜಿಲ್ ಕೂಡ ನಮ್ಮಂತೆಯೇ ಒಣನಾಡು. ಅಲ್ಲಿ ಬರ ತಡೆಯುವ ಗಿಡಗಳಿಂದ ರಸಮೇವು ಮಾಡಿ ಮರಿಗಳಿಗೆ ತಿನ್ನಿಸುವ ಪ್ರಯೋಗಗಳು ನಡೆದಿವೆ. ಅವುಗಳಲ್ಲಿ ನಮ್ಮ ಬದುಗಳಲ್ಲಿ ಬೆಳೆಯುವ ಗೊಬ್ಬರದ ಗಿಡವೂ ಒಂದು. ಮುಳ್ಳಿಲ್ಲದ ಪಾಪಾಸುಕಳ್ಳಿಯನ್ನೂ ಅಲ್ಲಿ ಮೇವಿಗಾಗಿ ಬೆಳೆಯುತ್ತಾರೆ. ಪುಣೆ ಬಳಿಯ ಉರುಳಿ ಕಾಂಚನದಲ್ಲಿ ಬೈಫ್ ಸಂಸ್ಥೆ ಆ ಕಳ್ಳಿಯನ್ನು ಇಲ್ಲಿಯೂ ಬೆಳೆಸಲು ಯತ್ನಿಸಿದೆ. ನಮ್ಮವರಿಗೆ ಹತ್ತಿರದ ಸಲಹೆ ಬೇಕಾದರೆ ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೂ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವೂ ಇವೆ.

ಊರೂರು ಅಲೆಯುವ ಕುರಿಗಾರರಿಗೆ ಮಾತ್ರ ಈ ಗುಂಡಿ ಆಗಿಬರುವುದಿಲ್ಲ. ಅವರಿಗೆ ಬಿತ್ತಲು ಹೊಲವಿಲ್ಲ, ಕಾಯಲು ಒಂದು ಠಾವಿಲ್ಲ. ಚೀಲದಲ್ಲಿ ತುಂಬಿದ ರಸಮೇವು ಕೊಳ್ಳಬಹುದು, ಕೈಯಲ್ಲಿ ಹಣವಿದ್ದರೆ.

ಹಣದ ಮಾತು ಬಂತು. ಐರೋಲಿ, ಘನ್ಸೋಲಿ, ರಬಾಳೆಗಳಿಂದ ಊರಿಗೆ ಹಣ ಹೋಗುತ್ತಲೇ ಇರುತ್ತದೆ. ಸಾಮಾನ್ಯವಾಗಿ ಅದು ಹೋಗುವುದು ಏಪ್ರಿಲ್‌ನಲ್ಲಿ, "ಕಣಿಕಿ ತುಟ್ಟಿಯಾಗೇತಿ, ಮರಿ ಮಾರಬೇಕೇನಪಾ" ಎಂದು ಅಜ್ಜ ಫೋನು ಮಾಡಿದ ಮೇಲೆ. ಅದರಲ್ಲೊಂದು ಪಾಲು ಶ್ರಾವಣ-ಭಾದ್ರಪದದಲ್ಲೇ ಮುಟ್ಟಿದರೆ ಮೇವು ಕತ್ತರಿಸುವ ಯಂತ್ರದ ಬಾಡಿಗೆಗೂ ಪ್ಲಾಸ್ಟಿಕ್ ಹಾಳೆಗೂ ಆದೀತು. ಈ ಸಲ ಗಣೇಶನ ಹಬ್ಬಕ್ಕೆ ಅಜ್ಜನಿಗೆ ಫೋನು ಮಾಡಿದಾಗ, ಮೇವಿನ ಜೋಳ ಯಾವ ಹದಕ್ಕೆ ಬಂದಿದೆ ಎಂದು ನೀವೇ ಕೇಳಿ ನೋಡಿ.